ಶಂಖ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ: ‘ಲಾರ್ಡ್ ಆಫ್ ದ ಫ್ಲೈಸ್’ ಪಾಠ ಮಾಡುವ ನನ್ನ ಕ್ರಮ

ವಿಲಿಯಂ ಗೋಲ್ಡಿಂಗ್ ಅವರ ಈ ಕಾದಂಬರಿ, ವಿಮಾನ ಬಿದ್ದು ದೊಡ್ಡವರಿಲ್ಲದ ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡ ಇಂಗ್ಲಿಷ್ ಹುಡುಗರ ಕತೆ. ಗೈಡುಗಳಲ್ಲಿ ಇದಕ್ಕೆ ಒಂದು ಸಿದ್ಧ ಪಟ್ಟಿ ಇರುತ್ತದೆ. ಸಭೆ ಕರೆಯಲು ಊದುವ ಶಂಖ ಅಂದರೆ ಪ್ರಜಾಪ್ರಭುತ್ವ, ಕನ್ನಡಕ ಅಂದರೆ ವಿಜ್ಞಾನ, ಬೆಂಕಿ ಅಂದರೆ ಭರವಸೆ, ಬೇಟೆಗಾರರು ಕೋಲಿಗೆ ಸಿಕ್ಕಿಸಿದ ಹಂದಿತಲೆ ಅಂದರೆ ಕೇಡು. ಡಿಗ್ರಿ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿಕೊಂಡೇ ಕ್ಲಾಸಿಗೆ ಬಂದಿರುತ್ತಾರೆ. ಪಟ್ಟಿ ತಪ್ಪು ಅಂತಲ್ಲ, ಆದರೆ ಅದನ್ನು ಮೊದಲೇ ಹಿಡಿದುಕೊಂಡವರು ಪುಸ್ತಕ ಓದುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಹಾಗಾಗಿ ಹನ್ನೆರಡೂ ಅಧ್ಯಾಯ ಮುಗಿಯುವವರೆಗೆ ನಾನು ಸಂಕೇತದ ಮಾತೆತ್ತುವುದಿಲ್ಲ. ಅದರ ಬದಲು ನಿಯಮಗಳ ಲೆಕ್ಕ ಬರೆಸುತ್ತೇನೆ: ದ್ವೀಪದಲ್ಲಿ ಯಾವ ನಿಯಮ ಯಾವಾಗ ಹುಟ್ಟಿತು, ಮೊದಲ ವಿನಾಯಿತಿ ಯಾರು ಕೇಳಿದರು, ಆಗ ಉಳಿದವರು ಏನು ಮಾಡುತ್ತಿದ್ದರು.

ಹಿನ್ನೆಲೆಗೆ ಹತ್ತು ನಿಮಿಷ ಸಾಕು. ವಿಲಿಯಂ ಗೋಲ್ಡಿಂಗ್ ಸಾಲ್ಸ್‌ಬರಿಯಲ್ಲಿ ಮೇಷ್ಟ್ರಾಗಿದ್ದವರು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ಕೆಲಸ ಮಾಡಿದವರು. ಅಂದರೆ ಹುಡುಗರನ್ನೂ ಬಲ್ಲವರು, ಯುದ್ಧವನ್ನೂ ಬಲ್ಲವರು. ಪುಸ್ತಕ ಬಂದದ್ದು 1954ರಲ್ಲಿ. ಹಸ್ತಪ್ರತಿಯ ಆರಂಭದಲ್ಲಿದ್ದ ಅಣುಯುದ್ಧದ ಭಾಗವನ್ನು ಫೇಬರ್ ಪ್ರಕಾಶನದ ಸಂಪಾದಕ ಚಾರ್ಲ್ಸ್ ಮಾಂಟೀತ್ ತೆಗೆಸಿದರು. ಆ ಯುದ್ಧ ಈಗ ಅಲ್ಲೊಂದು ಇಲ್ಲೊಂದು ಮಾತಿನಲ್ಲಿ ಮಾತ್ರ ಉಳಿದಿದೆ. ಇದನ್ನು ಹೇಳದೆ ಹೋದರೆ ವಿದ್ಯಾರ್ಥಿಗಳು ದ್ವೀಪದ ಆಚೆ ನೆಮ್ಮದಿಯ ಲೋಕವಿದೆ ಅಂದುಕೊಂಡು ಓದುತ್ತಾರೆ, ಕೊನೆಯ ಪುಟ ಅವರಿಗೆ ಸುಖಾಂತವಾಗಿ ಕಾಣುತ್ತದೆ.

ಲೆಕ್ಕದ ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿಸುತ್ತೇನೆ: ಶಂಖ, ಗುಡಿಸಲು ಮತ್ತು ನೀರು, ಬೆಂಕಿ, ರಾಜರ್ ಎಂಬ ಹುಡುಗನ ಕೈ. ಎಡಗಡೆ ಅಧ್ಯಾಯದ ಸಂಖ್ಯೆ. ಪ್ರತಿ ನಮೂದಿಗೂ ಪುಟಸಂಖ್ಯೆ ಕಡ್ಡಾಯ. ಅದಿಲ್ಲದಿದ್ದರೆ ಗೈಡಿನ ವಾಕ್ಯಗಳು ಹಿಂಬಾಗಿಲಿಂದ ಒಳಗೆ ಬರುತ್ತವೆ.

ಶಂಖದ ಕಾಲಂ ಬೇಗ ತುಂಬುತ್ತದೆ. ಶಂಖ ಕೈಯಲ್ಲಿದ್ದವನೇ ಮಾತಾಡಬೇಕು ಎಂಬ ನಿಯಮ ಎರಡನೇ ಅಧ್ಯಾಯದಲ್ಲಿ ಬರುತ್ತದೆ. ಅದೇ ಅಧ್ಯಾಯ ಮುಗಿಯುವ ಮೊದಲೇ, ಬೆಟ್ಟದ ತುದಿಯಲ್ಲಿ ಶಂಖ ಲೆಕ್ಕಕ್ಕಿಲ್ಲ ಎಂದು ಬೇಟೆಗಾರರ ಮುಂದಾಳು ಜ್ಯಾಕ್, ಕನ್ನಡಕದ ದಪ್ಪ ಹುಡುಗ ಪಿಗ್ಗಿಯ ಬಾಯಿ ಮುಚ್ಚಿಸುತ್ತಾನೆ. ಐದರಲ್ಲಿ ನಿಯಮವನ್ನೇ ಬೈಯುತ್ತಾನೆ. ಆರರಲ್ಲಿ, ಯಾರು ಮಾತಾಡಬೇಕು ಅಂತ ನಮಗೆ ಗೊತ್ತು, ಇನ್ನು ಶಂಖ ಬೇಡ ಅನ್ನುತ್ತಾನೆ. ಒಂಬತ್ತರಲ್ಲಿ, ದ್ವೀಪದ ಈ ಕೊನೆಯಲ್ಲಿ ಅದು ನಡೆಯುವುದಿಲ್ಲ ಅನ್ನುತ್ತಾನೆ. ಹನ್ನೊಂದರಲ್ಲಿ ಪಿಗ್ಗಿಯ ಜೊತೆ ಪುಡಿಯಾಗುತ್ತದೆ. ಇಷ್ಟನ್ನು ಒಂದರ ಕೆಳಗೊಂದು ಬರೆದು ನೋಡಿದವರಿಗೆ, ಶಂಖ ಒಡೆಯುವ ಹೊತ್ತಿಗೆ ಒಡೆಯಲು ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ ಎನ್ನುವುದು ತಾನಾಗಿಯೇ ಕಾಣುತ್ತದೆ. ಎಂಟನೇ ಅಧ್ಯಾಯದ ಒಂದು ನಮೂದನ್ನು ಬಹುತೇಕರು ಬಿಟ್ಟುಬಿಡುತ್ತಾರೆ, ಅದನ್ನು ನಾನೇ ಕೇಳಿ ಸೇರಿಸುತ್ತೇನೆ. ರಾಲ್ಫ್ ನಾಯಕನಾಗಿರಬಾರದು ಅನ್ನುವವರು ಕೈ ಎತ್ತಿ ಎಂದು ಜ್ಯಾಕ್ ಕೇಳಿದಾಗ ಒಂದು ಕೈಯೂ ಮೇಲೇಳುವುದಿಲ್ಲ. ಅವನು ಅಳುತ್ತಾ ಹೊರಟುಹೋಗುತ್ತಾನೆ. ಆಮೇಲೆ ದೊಡ್ಡ ಹುಡುಗರು ಒಬ್ಬೊಬ್ಬರೇ ಸದ್ದಿಲ್ಲದೆ ಅವನ ಕಡೆ ಜಾರಿಕೊಳ್ಳುತ್ತಾರೆ. ಮತ ಒಂದು ಕಡೆ, ಕಾಲು ಇನ್ನೊಂದು ಕಡೆ. ನನ್ನ ಮಟ್ಟಿಗೆ ಹಂದಿತಲೆಗಿಂತ ಭಯಂಕರವಾದ ಪುಟ ಇದು.

ಗುಡಿಸಲಿನ ಕಾಲಮ್ಮಿಗೆ ಐದನೇ ಅಧ್ಯಾಯದ ಸಭೆಯೊಂದೇ ಸಾಕು. ಮೊದಲ ಗುಡಿಸಲನ್ನು ಎಲ್ಲರೂ ಸೇರಿ ಕಟ್ಟಿದರು, ಎರಡನೆಯದನ್ನು ನಾಲ್ವರು, ಮೂರನೆಯದನ್ನು ರಾಲ್ಫ್ ಮತ್ತು ಸೈಮನ್ ಇಬ್ಬರೇ. ಅದಕ್ಕೇ ಅದು ಅಲುಗಾಡುತ್ತದೆ. ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿಡುವ ಏರ್ಪಾಡು ಕೆಲವೇ ದಿನ ನಡೆಯಿತು. ಅಲೆ ತೊಳೆದುಕೊಂಡು ಹೋಗುವ ಬಂಡೆಗಳ ಹತ್ತಿರವೇ ಶೌಚಕ್ಕೆ ಹೋಗಬೇಕೆಂಬ ನಿಯಮ ಮುರಿದು ಈಗ ಗುಡಿಸಲಿನ ಪಕ್ಕದಲ್ಲೇ ಗಲೀಜು. ಇಲ್ಲಿ ಕ್ಲಾಸು ನಗುತ್ತದೆ. ನಗಲಿ, ದ್ವೀಪದ ಹುಡುಗರೂ ಇದೇ ಜಾಗದಲ್ಲಿ ನಕ್ಕಿದ್ದರು. ರಕ್ತ ಹರಿಯುವುದಕ್ಕೆ ಬಹಳ ಮೊದಲೇ ನೀರು ತರುವವರು ಇಲ್ಲವಾಗಿದ್ದರು. ಅನಾಗರಿಕತೆ ಅಂದರೆ ಮುಖಕ್ಕೆ ಬಣ್ಣ ಮತ್ತು ಈಟಿ ಅಂದುಕೊಂಡವರು ಈ ಸಭೆಯನ್ನು ಹಾರಿಸಿ ಓದುತ್ತಾರೆ.

ರಾಜರ್‌ನ ಕಾಲಂ ನೆಲದ ಮೇಲೆ ಮಾಡಿ ತೋರಿಸುವಂಥದ್ದು. ನಾಲ್ಕನೇ ಅಧ್ಯಾಯದಲ್ಲಿ ಅವನು ಪುಟ್ಟ ಹೆನ್ರಿಯತ್ತ ಕಲ್ಲೆಸೆಯುತ್ತಾನೆ, ಗುರಿ ತಪ್ಪುವಂತೆ ನೋಡಿಕೊಂಡೇ ಎಸೆಯುತ್ತಾನೆ. ಹೆನ್ರಿಯ ಸುತ್ತ ಸುಮಾರು ಆರು ಗಜ ಅಡ್ಡಳತೆಯ ಜಾಗಕ್ಕೆ ಎಸೆಯುವ ಧೈರ್ಯ ಅವನಿಗಿಲ್ಲ. ಮನೆ, ಶಾಲೆ, ಪೊಲೀಸು, ಕಾನೂನು ಆ ವರ್ತುಲವನ್ನು ಕಾಯುತ್ತಿವೆ. ಒಂಬತ್ತು ಅಡಿ ಹಗ್ಗ, ಒಂದು ಗೂಟ, ಸುಣ್ಣದ ಪುಡಿ ತೆಗೆದುಕೊಂಡು ಮೈದಾನದಲ್ಲಿ ಅಷ್ಟೇ ಅಳತೆಯ ವರ್ತುಲ ಹಾಕಿ, ನಡುವೆ ಒಂದು ಬಕೆಟ್ ಇಡಿ. ವಿದ್ಯಾರ್ಥಿಯನ್ನು ನಿಲ್ಲಿಸಬೇಡಿ. ಗೆರೆಯ ಹೊರಗೆ ನಿಂತು ಅಂತರ ನೋಡಿದಾಗ ಅದು ಎಷ್ಟು ಕಡಿಮೆ, ಎಷ್ಟು ಸುಲಭದ ಗುರಿ ಅನ್ನುವುದು ಗೊತ್ತಾಗುತ್ತದೆ. ಆಮೇಲೆ ಹನ್ನೊಂದನೇ ಅಧ್ಯಾಯ ತೆಗೆಸಿ. ರಾಜರ್ ಜ್ಯಾಕ್‌ನ ಗುಂಪಿನ ನೆಲೆಯಾದ ಕೋಟೆಬಂಡೆಯ ಮೇಲಿಂದ, ರಾಲ್ಫ್‌ನ ಜೊತೆ ಬಂದ ಅವಳಿ ಹುಡುಗರ ನಡುವೆ ಒಂದು ಸಣ್ಣ ಕಲ್ಲೆಸೆಯುತ್ತಾನೆ, ಇನ್ನೂ ತಪ್ಪಿಸಿಯೇ. ಸ್ವಲ್ಪ ಹೊತ್ತಿಗೆ ತನ್ನ ಇಡೀ ಭಾರವನ್ನು ದೊಡ್ಡ ಬಂಡೆಯೊಂದರ ಸನ್ನೆಕೋಲಿನ ಮೇಲೆ ಹಾಕುತ್ತಾನೆ. ಆ ಬಂಡೆ ಪಿಗ್ಗಿಯನ್ನು ಕೊಲ್ಲುತ್ತದೆ. ಬಂಡೆ ಉರುಳಿಸುವ ಆಟ ಶುರುವಾದದ್ದು ಒಂದನೇ ಅಧ್ಯಾಯದಲ್ಲಿ, ರಾಲ್ಫ್, ಜ್ಯಾಕ್, ಸೈಮನ್ ಮೂವರೂ ಸೇರಿ ಖುಷಿಗೆ ಉರುಳಿಸಿದ್ದರು ಎಂದು ಹಿಂದಿನ ಪುಟಕ್ಕೆ ಕಳಿಸಿ.

ಈಗ ಎಡವಟ್ಟಾಗುವ ಜಾಗಗಳು. ಮೊದಲನೆಯದು ಅಡ್ಡಹೆಸರು. ಪಾಠ ಶುರುವಾದ ವಾರದಲ್ಲೇ ಕ್ಲಾಸಿನ ಯಾರೋ ದಪ್ಪಗಿನ ಹುಡುಗನಿಗೆ ಪಿಗ್ಗಿ ಎಂಬ ಹೆಸರು ಅಂಟುತ್ತದೆ. ಹೀಗಾಗುವ ಮುಂಚೆಯೇ ಒಂದು ಪ್ರಶ್ನೆ ಕೊಡುತ್ತೇನೆ: ಹಾಗೆ ಕರೆಯಬೇಡ ಎಂದು ಬೇಡಿಕೊಂಡ ಹೆಸರನ್ನು ಎಲ್ಲರ ಮುಂದೆ ಹೇಳಿದವನು ಯಾರು? ಉತ್ತರ ರಾಲ್ಫ್, ನಮ್ಮ ‘ಒಳ್ಳೆಯ’ ನಾಯಕ. ಆ ಹುಡುಗನ ನಿಜ ಹೆಸರು ಕಾದಂಬರಿ ಮುಗಿದರೂ ಯಾರೂ ಕೇಳುವುದಿಲ್ಲ. ಎರಡನೆಯದು ಬೇಟೆಯ ಕುಣಿತವನ್ನು ನಾಟಕ ಮಾಡಿಸುವುದು. ಮಾಡಿಸಬೇಡಿ. ಏಳನೇ ಅಧ್ಯಾಯದಲ್ಲಿ ಹಂದಿಯ ಪಾತ್ರ ಹಾಕಿದ ರಾಬರ್ಟ್‌ಗೆ ಆಗುವುದೇ ಕ್ಲಾಸಿನಲ್ಲೂ ಆಗುತ್ತದೆ, ನಡುವೆ ಇದ್ದವನಿಗೆ ನಿಜವಾಗಿಯೇ ಪೆಟ್ಟು ಬೀಳುತ್ತದೆ. ದ್ವೀಪದಲ್ಲಿ ಬೆಂಕಿ ಹೊತ್ತಿಸುವುದು ಪಿಗ್ಗಿಯ ಕನ್ನಡಕದಿಂದ. ಸಮೀಪದೃಷ್ಟಿಯವರ ಕನ್ನಡಕ ನಿಮ್ನ ಮಸೂರದ್ದು, ಅದರಿಂದ ಬೆಂಕಿ ಹೊತ್ತುವುದಿಲ್ಲ ಎಂದು ವಿಜ್ಞಾನ ಓದಿದವರು ಹೇಳಿಯೇ ಹೇಳುತ್ತಾರೆ. ಸರಿ, ಅದು ಲೇಖಕರ ತಪ್ಪು, ಒಪ್ಪಿಕೊಂಡು ಮುಂದೆ ಹೋಗಿ.

ದೊಡ್ಡ ತೊಂದರೆ ಬೇರೆ ಇದೆ. ಉತ್ತರಪತ್ರಿಕೆಗಳಲ್ಲಿ ಜ್ಯಾಕ್ ಕೆಟ್ಟವನು, ರಾಲ್ಫ್ ಒಳ್ಳೆಯವನು ಎಂದು ಎರಡು ಗುಂಪು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಇದಕ್ಕೆ ಮದ್ದು ಒಂಬತ್ತನೇ ಅಧ್ಯಾಯ. ಸೈಮನ್‌ನನ್ನು ಕೊಂದ ಕುಣಿತದ ವರ್ತುಲದಲ್ಲಿ ರಾಲ್ಫ್ ಮತ್ತು ಪಿಗ್ಗಿಯೂ ಜಾಗ ಹುಡುಕಿಕೊಂಡು ಸೇರುತ್ತಾರೆ. ಹತ್ತನೆಯದರಲ್ಲಿ ಪಿಗ್ಗಿ ಅದನ್ನು ಆಕಸ್ಮಿಕ ಅನ್ನುತ್ತಾನೆ, ಅವಳಿಗಳು ನಾವು ಬೇಗ ಹೊರಟುಬಿಟ್ಟಿದ್ದೆವು ಅನ್ನುತ್ತಾರೆ. ಈ ಎರಡು ದೃಶ್ಯಗಳನ್ನು ಒಂದೇ ತರಗತಿಯಲ್ಲಿ ಜೋಡಿಸಿ ಓದಿಸಬೇಕು. ನಡುವೆ ವಾರ ಕಳೆದರೆ ಅವರು ಹೇಳುವ ಸುಳ್ಳು ಸುಳ್ಳಾಗಿ ಕೇಳಿಸುವುದಿಲ್ಲ.

‘ಮನುಷ್ಯನೇ ಮೂಲತಃ ಕೆಟ್ಟವನು’ ಎಂಬ ಸಾಲಿಗೆ ಅಂಕ ಕೊಡುವ ಮೊದಲು ಎರಡು ನಿಜ ಘಟನೆಗಳನ್ನು ಮುಂದಿಡುತ್ತೇನೆ. 1965ರಲ್ಲಿ ಟೋಂಗಾದ ಆರು ಶಾಲಾ ಹುಡುಗರು ದೋಣಿ ಕದ್ದು ಹೊರಟು, ಬಿರುಗಾಳಿಗೆ ಸಿಕ್ಕಿ, ಆಟಾ ಎಂಬ ನಿರ್ಜನ ದ್ವೀಪ ಸೇರಿದರು. ಸುಮಾರು 15 ತಿಂಗಳ ನಂತರ ಸಿಕ್ಕಾಗ ಆರೂ ಜನ ಬದುಕಿದ್ದರು. ಪಾಳಿಯಲ್ಲಿ ಕೆಲಸ ಹಂಚಿಕೊಂಡು ಬೆಂಕಿ ಆರದಂತೆ ಕಾಯ್ದಿದ್ದರು, ಕಾಲು ಮುರಿದವನ ಮೂಳೆ ಕೂಡಿಸಿದ್ದರು. ಇನ್ನೊಂದು, ಗೋಲ್ಡಿಂಗ್ ಪುಸ್ತಕ ಬಂದ 1954ರಲ್ಲೇ ಅಮೆರಿಕದ ಓಕ್ಲಹೋಮಾದಲ್ಲಿ ಮನೋವಿಜ್ಞಾನಿ ಮುಜಾಫರ್ ಶೆರಿಫ್ ನಡೆಸಿದ ಪ್ರಯೋಗ. 22 ಹುಡುಗರನ್ನು ಎರಡು ತಂಡ ಮಾಡಿ ಬಹುಮಾನಕ್ಕೆ ಸ್ಪರ್ಧೆ ಇಟ್ಟರು, ಅವರು ಬೇಗನೆ ಹಗೆಗಳಾದರು. ಆಮೇಲೆ ಇಬ್ಬರೂ ಸೇರದೆ ಆಗದಂಥ ಕೆಲಸಗಳನ್ನು ಕೊಟ್ಟಾಗ ಹಗೆ ಇಳಿಯಿತು. ಟೋಂಗಾದವರು ಆರೇ ಜನ, ಮೊದಲೇ ಪರಿಚಿತರು. ಕಾದಂಬರಿಯ ಗುಂಪು ದೊಡ್ಡದು, ಅದರೊಳಗೆ ಸಮವಸ್ತ್ರ ತೊಟ್ಟು ಸಾಲಾಗಿ ನಡೆದುಬಂದ ಗಾಯಕ ತಂಡವೊಂದು ಮೊದಲೇ ಜ್ಯಾಕ್‌ನ ಮಾತಿನ ಕೆಳಗಿದೆ. ಪ್ರಶ್ನೆಯನ್ನು ಸ್ವಭಾವದಿಂದ ಏರ್ಪಾಡಿನ ಕಡೆ ತಿರುಗಿಸಿದರೆ ಚರ್ಚೆ ಬಿಸಿಯಾಗುತ್ತದೆ.

ಪರೀಕ್ಷೆಗೆ ನಾನು ಕೊಡುವ ಪ್ರಶ್ನೆ ಕೊನೆಯ ಅಧ್ಯಾಯದಲ್ಲಿ ದ್ವೀಪಕ್ಕೆ ಬಂದು ಹುಡುಗರನ್ನು ಕಾಣುವ ನೌಕಾಧಿಕಾರಿಯದ್ದು: ಆತ ಹಡಗಿನ ದಿನಚರಿಯಲ್ಲಿ ಆ ದಿನದ ಬಗ್ಗೆ ಏನು ಬರೆದಿರಬಹುದು, 300 ಪದಗಳಲ್ಲಿ. ಬ್ರಿಟಿಷ್ ಹುಡುಗರು ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳಬೇಕಿತ್ತು ಎಂಬ ಅವನ ಬೇಸರವನ್ನು, ನಾವು ಅನಾಗರಿಕರಲ್ಲ, ಇಂಗ್ಲಿಷರು ಎಂದು ಎರಡನೇ ಅಧ್ಯಾಯದಲ್ಲಿ ಜ್ಯಾಕ್ ಕೊಚ್ಚಿಕೊಂಡದ್ದಕ್ಕೆ ತಾಳೆ ಹಾಕಿದವರಿಗೆ ಹೆಚ್ಚು ಅಂಕ. ಅವನ ದೋಣಿಯಲ್ಲಿ ಸಬ್‌ಮಷಿನ್ ಗನ್ ಹಿಡಿದು ಕೂತ ನಾವಿಕನನ್ನು ಮರೆತವರಿಗೆ ಎರಡು ಅಂಕ ಕಡಿತ.