ಹಾರ್ಡಿ–ರಾಮಾನುಜನ್ ಪತ್ರಗಳು: ಎರಡೂ ಕಡೆ ಜೋಡಿಸಿ ಓದಿದ ಬಗೆ

ಗುರು-ಶಿಷ್ಯರ ಪತ್ರಗಳನ್ನು ಒಂದೇ ಕಡೆಯಿಂದ ಓದುವುದೆಂದರೆ ಫೋನಿನಲ್ಲಿ ಪಕ್ಕದವರ ಮಾತಷ್ಟೇ ಕೇಳಿಸಿಕೊಂಡ ಹಾಗೆ. 1927ರ ರಾಮಾನುಜನ್ ಪ್ರಬಂಧ ಸಂಪುಟದಲ್ಲಿ ಅವರು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಬರೆದದ್ದರ ಆಯ್ದ ಭಾಗಗಳಿವೆ, ಅಷ್ಟು ಸಾಲದು. ಎರಡೂ ಕಡೆಯ ಪತ್ರಗಳಿರುವ, ಬರ್ಂಟ್ ಮತ್ತು ರ‍್ಯಾಂಕಿನ್ ಅವರ 1995ರ ಸಂಪುಟವನ್ನೇ ನಾನು ಆಧಾರವಾಗಿಟ್ಟುಕೊಂಡೆ.

ಎ4 ಹಾಳೆಯನ್ನು ಅಡ್ಡಲಾಗಿಟ್ಟು ಐದು ಕಾಲಂ ಎಳೆದೆ: ತಾರೀಖು, ಯಾರಿಂದ ಯಾರಿಗೆ, ಕೇಳಿದ್ದು, ಕೊಟ್ಟದ್ದು, ಕೊಡದೆ ಬಿಟ್ಟದ್ದು. ಸಂಬಂಧ ಹೇಗಿತ್ತು ಎಂಬುದು ಹೆಚ್ಚಾಗಿ ಗೊತ್ತಾಗುವುದು ಕೊನೆಯ ಕಾಲಂನಿಂದಲೇ.

ಮೊದಲು ಅಂಚೆಯ ಲೆಕ್ಕ. ರಾಮಾನುಜನ್ ಮದ್ರಾಸಿನಿಂದ ಬರೆದದ್ದು 1913ರ ಜನವರಿ 16ಕ್ಕೆ, ಹಾರ್ಡಿ ಉತ್ತರಿಸಿದ್ದು ಫೆಬ್ರವರಿ 8ಕ್ಕೆ, ಅದಕ್ಕೆ ರಾಮಾನುಜನ್ ಮರುತ್ತರ ಫೆಬ್ರವರಿ 27ಕ್ಕೆ. ಅಂದರೆ ಹಡಗಿನ ಅಂಚೆ ತಲುಪಿ, ಓದಿ, ಮರುತ್ತರ ಬರೆಯಲು 19 ದಿನ. ಇಬ್ಬರ ಪತ್ರಗಳ ನಡುವೆ ಎರಡು ವಾರಕ್ಕಿಂತ ಕಡಿಮೆ ಅಂತರವಿದ್ದರೆ ಎರಡನೆಯದು ಮೊದಲನೆಯದಕ್ಕೆ ಉತ್ತರವಲ್ಲ ಎಂದೇ ಹಿಡಿದೆ. ಈ ಲೆಕ್ಕ ಬಿಟ್ಟರೆ ಇಲ್ಲದ ಮುನಿಸು, ಇಲ್ಲದ ಅವಸರ ಕಾಣಿಸತೊಡಗುತ್ತವೆ.

ಪತ್ರದೊಳಗಿನ ವಿವರವನ್ನೂ ತಾಳೆ ನೋಡಬೇಕು. ಮೊದಲ ಪತ್ರದಲ್ಲಿ ರಾಮಾನುಜನ್ ತಮ್ಮ ವಯಸ್ಸು ಸುಮಾರು 23 ಎನ್ನುತ್ತಾರೆ. ಹುಟ್ಟಿದ್ದು 1887ರ ಡಿಸೆಂಬರ್ 22, ಆಗಲೇ 25 ತುಂಬಿತ್ತು. ಸಂಬಳ ವರ್ಷಕ್ಕೆ 20 ಪೌಂಡ್ ಎಂದಿದ್ದಾರೆ. ಪೌಂಡಿಗೆ 15 ರೂಪಾಯಿಯಂತೆ ತಿಂಗಳಿಗೆ 25 ಆಗುತ್ತದೆ, ಅವರು ಗುಮಾಸ್ತರಾಗಿದ್ದ ಮದ್ರಾಸ್ ಪೋರ್ಟ್ ಟ್ರಸ್ಟ್ ಕೊಡುತ್ತಿದ್ದದ್ದು 30. ‘ವಿನಂತಿಸಿಕೊಳ್ಳುತ್ತೇನೆ’ ಎಂಬಂಥ ಒಕ್ಕಣೆಯಿಂದ ಸ್ವಭಾವ ಅಳೆಯಲೂ ಹೋಗಬಾರದು. ಅದು ಆ ಕಾಲದ ಗುಮಾಸ್ತರ ಇಂಗ್ಲಿಷ್.

ಇನ್ನು ಐದನೆಯ ಕಾಲಂ. ರಾಮಾನುಜನ್ ಮೊದಲ ಪತ್ರದಲ್ಲಿ ಕಳಿಸಿದ್ದ ಗಣಿತ ಫಲಿತಾಂಶಗಳನ್ನು ಹಾರ್ಡಿ ಮೂರು ಗುಂಪು ಮಾಡಿದರು: ಗೊತ್ತಿದ್ದವು ಅಥವಾ ಗೊತ್ತಿದ್ದದ್ದರಿಂದ ಸುಲಭವಾಗಿ ಬರುವಂಥವು, ಹೊಸವಾದರೂ ಕುತೂಹಲಕ್ಕಷ್ಟೇ ಎನ್ನಬಹುದಾದವು, ಹೊಸವೂ ಮುಖ್ಯವೂ ಆದವು. ಜೊತೆಗೆ ಅವು ಸರಿ ಎಂದು ತೋರಿಸುವ ಪ್ರೂಫ್ ಕಳಿಸಿ ಎಂದರು. ಫೆಬ್ರವರಿ 27ರ ಪತ್ರದಲ್ಲಿ ಪ್ರೂಫ್ ಇಲ್ಲ. ಬದಲಿಗೆ 1+2+3+… = −1/12 ಇದೆ; ಹೀಗೆಂದರೆ ಹುಚ್ಚಾಸ್ಪತ್ರೆಯ ದಾರಿ ತೋರಿಸುತ್ತೀರಿ ಎಂಬ ಮಾತೂ ಇದೆ. ಹಾರ್ಡಿಯ ಮುಂದಿನ ಪತ್ರದಲ್ಲಿ ಅವರ ಸಹೋದ್ಯೋಗಿ ಗಣಿತಜ್ಞ ಲಿಟಲ್‌ವುಡ್ ಸೂಚಿಸಿದ ಒಂದು ಅನುಮಾನ ಸೇರಿತು: ವಿಧಾನವನ್ನು ಬೇರೆಯವರು ಬಳಸಿಕೊಂಡುಬಿಟ್ಟಾರು ಎಂಬ ಅಂಜಿಕೆಯೇ? ಏಪ್ರಿಲ್ 17ರಂದು ರಾಮಾನುಜನ್ ನೋವಾಯಿತೆಂದು ನೇರವಾಗಿ ಬರೆದರು, ಆ ಭಯ ತನಗಿಲ್ಲ ಎಂದರು. ಶಿಷ್ಯ ತಲೆಬಾಗಿ ನಿಂತಿದ್ದ ಎನ್ನುವವರು ಇದನ್ನೊಮ್ಮೆ ಓದಲಿ.

ಪತ್ರಗಳ ಸಂಖ್ಯೆಯ ಗ್ರಾಫ್ ಮಾತ್ರ ಬೇಡ. 1914ರ ಏಪ್ರಿಲ್‌ನಿಂದ ಮುಂದೆ ಕೆಲವು ವರ್ಷ ಅದು ಕುಸಿಯುತ್ತದೆ, ಏಕೆಂದರೆ ರಾಮಾನುಜನ್ ಇಂಗ್ಲೆಂಡಿಗೆ ಹೋಗಿದ್ದರು, ಇಬ್ಬರೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನವರು. ಮಾತು ಎದುರುಬದುರೇ ಆಗುತ್ತಿತ್ತು.

ಸೂತ್ರಗಳನ್ನು ಹಾರಿಸಿಯೂ ಓದಬಾರದು. ರಾಮಾನುಜನ್ ಹಾರ್ಡಿಗೆ ಬರೆದ 1920ರ ಜನವರಿ 12ರ ಪತ್ರದಿಂದ ಗಣಿತ ತೆಗೆದರೆ, ಇಷ್ಟು ದಿನ ಬರೆಯದ್ದಕ್ಕೆ ಕ್ಷಮೆ ಕೇಳುವ ಮಾತಿನಂಥ ಕೆಲವೇ ಸಾಲು ಉಳಿಯುತ್ತವೆ. ಗಣಿತ ಸೇರಿಸಿದರೆ ‘ಕೊಟ್ಟದ್ದು’ ಕಾಲಂನಲ್ಲಿ ರಾಮಾನುಜನ್ ಹೊಸದಾಗಿ ಕಂಡುಕೊಂಡ ಬಗೆಯ 17 ಮಾಕ್ ಥೀಟಾ ಫಂಕ್ಷನ್‌ಗಳು, 3, 5, 7 ಎಂಬ ಆರ್ಡರ್‌ಗಳಲ್ಲಿ. ಆರ್ಡರ್ ಎಂದರೇನು ಎಂದು ಅವರು ಹೇಳಲಿಲ್ಲ; ಅದು ಮತ್ತೆ ಐದನೆಯ ಕಾಲಂಗೇ ಹೋಗುತ್ತದೆ.