ಹೊಳೆ ಎಷ್ಟು ಕೆಟ್ಟಿದೆ? ಇಳಿತ ನೋಡಿ ಹೊರಡಿ

ಮಂಗಳೂರಿನ ಕೂಳೂರು ಸೇತುವೆ ಹತ್ತಿರ ಮೊದಲ ಸಲ ಫಲ್ಗುಣಿ ಹೊಳೆಯ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ಮುಂತಾದವನ್ನು ಅಳೆಯುವ ಸಾಧನ) ಅದ್ದಿದೆ. ಅಂಕಿ ಸಾವಿರ ಸಾವಿರ ಏರಿತು. ಯಾವುದೋ ಕಾರ್ಖಾನೆಯದ್ದೇ ಕೆಲಸ ಅಂದುಕೊಂಡೆ. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಅಜ್ಜ ನಕ್ಕರು: ‘ಕಡಲ ನೀರು ಮೇಲೆ ಬರುವ ಹೊತ್ತು ಮಾರಾಯ್ರೆ, ಉಪ್ಪು ತೋರಿಸದೆ ಇನ್ನೇನು ತೋರಿಸ್ತದೆ?’

ಹಾಗಾಗಿ ಮೊದಲು ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತದ ಕೊನೆಗೆ ಹೋದರೆ ಮೇಲಿನಿಂದ ಬಂದ ನೀರು ಸಿಗುತ್ತದೆ, ಮುಳುಗಿದ್ದ ಪೈಪುಗಳ ಬಾಯಿಯೂ ಕಾಣುತ್ತದೆ.

ಆಮೇಲೆ ನಡೆಯಿರಿ, ಹೊಳೆ ಬದಿಗಿಂತ ಜಾಸ್ತಿ ಅದಕ್ಕೆ ಸೇರುವ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ. ಕೊಳಕು ಬರುವ ದಾರಿ ಅದೇ. ಏಪ್ರಿಲ್‌ನಲ್ಲೂ ಮಳೆನೀರಿನ ಚರಂಡಿ ಹರಿಯುತ್ತಿದ್ದರೆ ಅದು ಮಳೆಯದ್ದಂತೂ ಅಲ್ವಲ್ಲ! ಬಗ್ಗಿ ಕಲ್ಲು ನೋಡಿ. ಒದ್ದೆ ಹತ್ತಿಯ ಹಾಗೆ ಬೂದು ಎಳೆಗಳು ಅಂಟಿಕೊಂಡು ತೂಗಾಡುತ್ತಿದ್ದರೆ ಶೌಚದ ನೀರು ಸೇರುತ್ತಿದೆ ಎಂದು ಅನುಮಾನಿಸಬಹುದು. ಫೋಟೊ, ಜಾಗ, ಹೊತ್ತು ಬರೆದಿಡಿ.

ನೀರನ್ನು ಮೂರು ಕಡೆ ಹಿಡಿಯಿರಿ: ತೋಡಿನಲ್ಲಿ, ಅದು ಹೊಳೆ ಸೇರುವ ಜಾಗಕ್ಕಿಂತ ಮೇಲೆ, ಕೆಳಗೆ. ಗ್ಲೌಸ್ ಹಾಕಿ, ಬಾಟಲಿಯನ್ನು ಗೇಣುದ್ದ ಆಳಕ್ಕೆ ಇಳಿಸಿ, ಗುಳ್ಳೆ ಉಳಿಯದಂತೆ ತುಂಬಿಸಿ. ಕರಗಿದ ಆಮ್ಲಜನಕವನ್ನು ಅಲ್ಲೇ ಕಿಟ್‌ನಲ್ಲಿ ಅಳೆಯಬೇಕು, ಮನೆಗೆ ತಂದರೆ ಲೆಕ್ಕ ತಪ್ಪುತ್ತದೆ. ಸ್ನಾನಕ್ಕೆ ಯೋಗ್ಯ ಎನ್ನಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಾರ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಬಿಒಡಿ (ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 3 ದಾಟಬಾರದು. ಬಿಒಡಿ ಲ್ಯಾಬ್ ಕೆಲಸ. ನೀರನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುತ್ತಾರೆ. ಐಸ್ ಪೆಟ್ಟಿಗೆಯಲ್ಲಿ ಅವತ್ತೇ ತಲುಪಿಸಿ.

ಇನ್ನು ನೆರೆ ಬರುವ ಬೈಲು. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕೊಂಬೆಗೆ ನೇತಾಡುವ ಪ್ಲಾಸ್ಟಿಕ್ಕೇ ನೀರು ಎಲ್ಲಿವರೆಗೆ ಏರಿತ್ತು ಎಂದು ಹೇಳುತ್ತದೆ. ಆ ನೀರು ಮುಟ್ಟಿದ ಜಾಗದೊಳಗಿನ ಬಾವಿಗಳನ್ನು ಪಟ್ಟಿ ಮಾಡಿ. ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಬಾಟಲಿ ಇಲ್ಲಿಗೆ ಸರಿ. ಅದರಲ್ಲಿ ತುಂಬಿಸಿಟ್ಟ ಬಾವಿ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅಂಶ ಸೇರಿರುವ ಸಾಧ್ಯತೆ ಹೆಚ್ಚು, ಕುದಿಸದೆ ಕುಡಿಯಬೇಡಿ. (ಹೊಳೆ ನೀರಿಗೆ ಇದನ್ನು ಸುಮ್ನೆ ಹಾಳು ಮಾಡಬೇಡಿ, ಕಪ್ಪಾಗುವುದು ಹೆಚ್ಚುಕಡಿಮೆ ಖಾತ್ರಿ.)

ದಡದಲ್ಲೇ ಹುಡುಕುತ್ತಾ ಕೂರಬೇಡಿ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಬಂತು. ಅಂಥ ರಾಶಿಯ ರಸ ಹೊಳೆಗೆ ಬರುವುದೂ ತೋಡಿನ ದಾರಿಯಲ್ಲೇ. ಕಪ್ಪು ನೀರು ಕಂಡರೆ ತೋಡು ಹಿಡಿದು ಮೇಲಕ್ಕೆ ಹೋಗಿ.

ಅದೇ ಜಾಗ, ಅದೇ ಇಳಿತ: ಮಾರ್ಚ್‌ನಲ್ಲೊಮ್ಮೆ, ಜೂನ್‌ನ ಮೊದಲ ಜೋರು ಮಳೆಗೊಮ್ಮೆ ಹಿಡಿಯಿರಿ. ಬಾಟಲಿಯ ಚೀಟಿ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಒದ್ದೆಗೆ ಅಳಿಸಿ ಹೋಗುತ್ತದೆ.