ದೋಟಿ ಹಿಡಿದ ಮೇಲೆ ನಾನು ಹಾಕಿಕೊಂಡ ಗೆರೆ

ಕಳೆದ ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಅಡಿಕೆ ನಾಲ್ಕಾರು ಬುಟ್ಟಿ ದಾಟಲಿಲ್ಲ. ಐವತ್ತು ದಾಟಿದ ನಾನೇ ನೆಲದಲ್ಲಿ ನಿಂತು ದೋಟಿ ಎಂಬ ಉದ್ದ ಕೋಲಿನ ತುದಿಯಿಂದ ಔಷಧಿ ಹೊಡೆದ ತೋಟ ಅದು. "ಭಾವ, ಇದು ಧೈರ್ಯವಲ್ಲ, ಹುಂಬತನ" ಎಂದು ನಕ್ಕವರು ಈಗ ಬಂದು ದೋಟಿಯ ಉದ್ದ ಕೇಳುತ್ತಿದ್ದಾರೆ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯಲ್ಲಿ ನಮಗೂ ಒಂದು ಪಾಲು. ಮೊದಲ ಔಷಧಿ ಹೇಗೋ ಮುಗಿಯುತ್ತದೆ. 40-45 ದಿನಕ್ಕೆ ಬರುವ ಎರಡನೆಯದೇ ಕಷ್ಟ. ಮಳೆ ನಿಂತು ಒಂದು ಗಂಟೆ ಹೊಳವಾದರೆ ಇಡೀ ಊರಿಗೆ ಮರ ಹತ್ತುವ ಅದೇ ಒಬ್ಬ ಕೊನೆಗಾರ ಬೇಕು. ಪಾಚಿ ಹಿಡಿದ ಮರಕ್ಕೆ ಅವನನ್ನು ಹತ್ತಿಸುವುದು ನಮಗೆ ಮಾಮೂಲು. ನೆಲದಲ್ಲಿ ನಿಂತು ಮಾಡುತ್ತೇನೆಂದವನು ಮಾತ್ರ ಹುಚ್ಚ. ಈ ನ್ಯಾಯ ನನಗೆ ಇಂದಿಗೂ ಅರ್ಥವಾಗಿಲ್ಲ.

ದುಡ್ಡಿನ ವಿಷಯ. ಕಾರ್ಬನ್ ಫೈಬರ್ ದೋಟಿಗೆ ಆಗ ಎಂಬತ್ತು ಸಾವಿರದ ಆಸುಪಾಸು. ಪೈಪು, ನಾಜಲ್ ಸೇರಿ ಲಕ್ಷದ ಹತ್ತಿರ ಹೋಯಿತು. ಮನೆಯವಳು ಕೇಳಿದ್ದು ಒಂದೇ ಪ್ರಶ್ನೆ: "ಇದು ಮುರಿದರೆ ಯಾವ ಸಾಲದ ಕಂತು ನಿಲ್ಲುತ್ತದೆ?" ಅಡಿಕೆಯ ದುಡ್ಡು ಸೊಸೈಟಿ ಸಾಲಕ್ಕೆ ಮೀಸಲು, ಅದನ್ನು ಮುಟ್ಟಲಿಲ್ಲ. ಆ ವರ್ಷದ ಕಾಳುಮೆಣಸು ಮಾರಿ ತೆಗೆದುಕೊಂಡೆ. ಹೋದರೆ ಮೆಣಸು ಹೋಗಲಿ ಎಂಬ ಲೆಕ್ಕ.

ಮೊದಲ ವರ್ಷ ಹೋಯಿತೆಂದೇ ಎಣಿಸಿದೆ. ಪೈಪಿನಲ್ಲಿ ಔಷಧಿ ತುಂಬಿದೊಡನೆ ದೋಟಿಯ ತುದಿ ಗಾಳ ಹಾಕಿದ ಕೋಲಿನಂತೆ ಬಾಗುತ್ತಿತ್ತು. ಔಷಧಿಯಲ್ಲಿರುವ ಮೈಲುತುತ್ತದ ಹನಿ ನೇರ ಮುಖಕ್ಕೆ. ಸಂಜೆ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ಎತ್ತರದ ಮರಗಳಲ್ಲಿ ಕೊನೆಯ (ಅಡಿಕೆ ಗೊಂಚಲಿನ) ಹಿಂಬದಿ ನೆನೆಯದೆ ಉಳಿದು, ಕೊಳೆ ಅಲ್ಲಿಂದಲೇ ಹತ್ತಿತು. ಜೋಡಣೆಯ ಕ್ಲಿಪ್ಪು ಸಡಿಲವಾಯಿತೆಂದು ಹೇಳಲು ಕರೆ ಮಾಡಿದರೆ ಮಾರಿದವರು ಫೋನ್ ಎತ್ತಲಿಲ್ಲ. ಆ ವರ್ಷ ಬೆಳೆಯಲ್ಲಿ ಅರವತ್ತು ಸಾವಿರದಷ್ಟು ಹೊಡೆತ ಬಿದ್ದಿರಬಹುದು. ಮರುವರ್ಷ ಪ್ರತಿ ಮರಕ್ಕೂ ಎರಡು ಬದಿಯಿಂದ ಹೊಡೆದೆ, ಕಣ್ಣಿಗೆ ಕನ್ನಡಕ ಹಾಕಿದೆ, ಬುಡವನ್ನು ನೆಲಕ್ಕೆ ಊರಿ ದೋಟಿ ತಿರುಗಿಸುವ ಒಂದು ಉಪಾಯ ಕಂಡುಕೊಂಡೆ. ಆ ಉಪಾಯವನ್ನೂ ಔಷಧಿ ಅಂಟಿಕೊಳ್ಳಲೆಂದು ಬೆರೆಸುವ ರಾಳದ ಅಳತೆಯನ್ನೂ ಇಲ್ಲಿ ಬರೆಯುವುದಿಲ್ಲ. ಇಷ್ಟು ಕಳೆದುಕೊಂಡು ಕಲಿತವನಿಗೆ ಅಷ್ಟು ಜಿಪುಣತನದ ಹಕ್ಕಿದೆ.

ನಡುವೆ ಒಂದು ಎಕರೆಗೆ ಬಾಡಿಗೆ ಡ್ರೋನ್ ತರಿಸಿ ನೋಡಿದೆ. ಸೋಗೆಯೆಲ್ಲ ನೀಲಿಯಾಯಿತು, ಅದರ ಅಡಿಯಲ್ಲಿದ್ದ ಕೊನೆ ಒಣಗಿಯೇ ಇತ್ತು. ನೋಡಲು ಬಂದ ಮಕ್ಕಳಿಗೆ ಸಂತೋಷವಾಯಿತು, ಅಷ್ಟೇ.

ಇನ್ನು ಗೆರೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಏಣಿಗೆ ಹೆದರುವವರೂ ಇದನ್ನು ಪ್ಲಾಸ್ಟಿಕ್ ಎಂದು ತಿಳಿದು ತಂತಿಯ ಪಕ್ಕ ಎತ್ತುತ್ತಾರೆ. ನಮ್ಮ ತೋಟದ ಒಂದು ಮೂಲೆಯಲ್ಲಿ 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ವಿದ್ಯುತ್ ತಂತಿ ಹಾದಿದೆ. ಅದರ ಎರಡೂ ಬದಿಗೆ ದೋಟಿಯ ಪೂರ್ತಿ ಉದ್ದಕ್ಕಿಂತ ಹೆಚ್ಚು ಜಾಗ ಬಿಟ್ಟು ಮರಗಳಿಗೆ ಸುಣ್ಣದ ಪಟ್ಟೆ ಬಳಿದಿದ್ದೇನೆ. ಪಟ್ಟೆಯಿಂದಾಚೆ ಔಷಧಿಯಿಲ್ಲ. ಅರವತ್ತೋ ಎಪ್ಪತ್ತೋ ಮರ, ಕೊಳೆತರೆ ಕೊಳೆಯಲಿ. "ಲೈನಿನ ಕರೆಂಟ್ ತೆಗೆಸಿ ಹೊಡೆಯೋಣ ಅಪ್ಪ" ಎಂದು ಮಗ ಪ್ರತಿ ವರ್ಷ ಹೇಳುತ್ತಾನೆ. ಎಲ್ಲೋ ಇರುವ ಸ್ವಿಚ್ಚನ್ನು ಯಾರೋ ತೆಗೆದಿದ್ದಾರೆಂದು ಫೋನಿನಲ್ಲಿ ಕೇಳಿ ದೋಟಿ ಎತ್ತುವುದನ್ನೇ ನಾನು ಹುಂಬತನ ಎನ್ನುವುದು. ಲಕ್ಷ ರೂಪಾಯಿ ಹಾಕಿದ್ದನ್ನಲ್ಲ; ಆ ಲಕ್ಷ ಹೋದರೆ ಏನಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು.

ಇನ್ನೊಂದು ಕಟ್ಟಳೆಯಿದೆ. ನಾಳೆ ಎಷ್ಟು ಸಾಲು, ಎಷ್ಟು ಹೊತ್ತಿನವರೆಗೆ ಎಂದು ಹಿಂದಿನ ರಾತ್ರಿ ಊಟವಾದ ಮೇಲೆ ತೀರ್ಮಾನಿಸುತ್ತೇನೆ. ತೋಟದಲ್ಲಿ ನಿಂತು ಅದನ್ನು ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಮೋಡ ಕವಿಯುವಾಗ "ಇನ್ನೊಂದೇ ಸಾಲು" ಎನ್ನಿಸುತ್ತದಲ್ಲ, ಕಾಲು ನೀರು ಹರಿಯುವ ಕಾದಿಗೆಗೆ ಜಾರುವುದು ಆಗಲೇ. ಗುಡುಗು ಕೇಳಿದರೆ ದೋಟಿ ಮಲಗಿಸಿ ಮನೆಗೆ. ಒಮ್ಮೆ ಇಡೀ ಡ್ರಮ್ಮಿನ ಔಷಧಿ ಚೆಲ್ಲಿದ್ದೇನೆ, ಎಂಟುನೂರು ರೂಪಾಯಿ ಆಗಿದ್ದೀತು.

ದೋಟಿಯನ್ನು ಬಾಡಿಗೆಗೆ ಕೊಡುತ್ತೀರಾ ಎಂದು ಕೇಳುವವರಿಗೆ: ಕೊಡುವುದಿಲ್ಲ. ಕಲಿಯುವುದಾದರೆ ಮೇ ತಿಂಗಳ ಒಳಗೆ ಬನ್ನಿ, ಬರೀ ನೀರು ತುಂಬಿಸಿ ಎತ್ತಿಸುತ್ತೇನೆ. ಮೊದಲು ನಿಮ್ಮ ತೋಟದ ಮೇಲೆ ತಂತಿ ಎಲ್ಲೆಲ್ಲಿ ಹಾದಿದೆಯೆಂದು ನೋಡಿಕೊಂಡು ಬನ್ನಿ.